ಹಳದಿ ಮುಚ್ಚಳದ ಕ್ಯಾನುಗಳು

ಕಿಯರ್ನಿ, ನೆಬ್ರಾಸ್ಕ
ಮಾರ್ಚ್ 9

ಮಾನ್ಯ ಮ್ಯಾನೇಜರ್ ವೆಂಡೆಲ್ ಅವರಿಗೆ,

ನಮ್ಮ ಲಾರಿ ಶೆಡ್ಡಿನ ಸ್ಟೋರಿನಲ್ಲಿ ನನ್ನ ಹಸಿರು ಫ್ಲಾಸ್ಕ್ ಉಳಿದುಬಿಟ್ಟಿದೆ. ದಯವಿಟ್ಟು ಕಳಿಸಿಕೊಡಿ.

ಲಾರಿಗಳ ಹೊಗೆ ಶುದ್ಧ ಮಾಡಲು ಹಾಕುವ ಡೆಫ್ ದ್ರವ ಮಾಮೂಲಿಯದೇ ಸಾಕು, ದುಬಾರಿ ಪ್ರೀಮಿಯಂ ದಂಡ ಎಂದು ಹೋದ ವರ್ಷ ನಿಮಗೊಂದು ಚೀಟಿ ಬರೆದಿದ್ದೆ. ಅದನ್ನು ಗುರುವಾರದ ಸಭೆಯಲ್ಲಿ ಡ್ರೈವರುಗಳ ಮುಂದೆ ಓದಿ, "ಸ್ಟೋರ್ ಕಾಯೋ ಮುದ್ಕಿಗೆ ಇಂಜಿನ್ ಉಸಾಬರಿ ಯಾಕಂತೆ?" ಎಂದು ನಕ್ಕಿರಿ.

ಮರುದಿನದಿಂದಲೇ ಮಾಮೂಲಿ ಡೆಫ್ ತರಿಸಿ, ಪ್ರೀಮಿಯಂನ ಹಳದಿ ಮುಚ್ಚಳದ ಖಾಲಿ ಕ್ಯಾನುಗಳಿಗೆ ತುಂಬುತ್ತ ಬಂದೆ. ಬಿಲ್ಲಿನಲ್ಲಿ ಮಾಮೂಲಿ ಎಂದೇ ಇತ್ತು. ಓದದೆ ಸಹಿ ಹಾಕಿದವರು ನೀವು. ಹನ್ನೊಂದು ತಿಂಗಳು ಒಂದೇ ಒಂದು ಲಾರಿ ಕೆಟ್ಟು ನಿಲ್ಲಲಿಲ್ಲ. "ನೋಡ್ರೋ, ಪ್ರೀಮಿಯಂ ಮಹಿಮೆ!" ಎಂದು ನೀವು ಪ್ರತಿ ಗುರುವಾರ ಎದೆ ತಟ್ಟಿಕೊಂಡಿರಿ. ಮೊನ್ನೆ ನನ್ನ ನಿವೃತ್ತಿಯ ಕೇಕ್ ಕತ್ತರಿಸುವಾಗಲೂ ಅದನ್ನೇ ಹೇಳಿದಿರಿ.

ಈ ಪತ್ರವನ್ನೂ ಬರುವ ಗುರುವಾರ ಎಲ್ಲರೆದುರು ಓದಬೇಕಾಗಿ ವಿನಂತಿ. ಕ್ಯಾನು ಹಿಡಿದು ನನಗೆ ತುಂಬಿಸಿಕೊಟ್ಟವರು ಆ ಡ್ರೈವರುಗಳೇ. ಹನ್ನೊಂದು ತಿಂಗಳಿಂದ ನಿಮ್ಮೆದುರು ನಗು ತಡೆದುಕೊಂಡು ಕೂತಿದ್ದಾರೆ, ಪಾಪ. ಒಮ್ಮೆ ಹೊಟ್ಟೆ ತುಂಬ ನಗಲಿ.

ಇಂತು,
ಸ್ಟೋರ್ ಕಾಯುತ್ತಿದ್ದ ಮುದುಕಿ,
ಮಾರ್ಲೀನ್ ಕ್ರಾಟೊಕ್ವಿಲ್