ಚಿಪ್ಪಿನ ಗುಳಿಗೆ

ಮಾರ್ಚ್ 3, ಬೆಳಿಗ್ಗೆ

ಡಾಕ್ಟರ್ ಫೀಸು, ಎಕ್ಸ್-ರೇ, ಕಟ್ಟು, ಗುಳಿಗೆ, ಶಿಕಾರಿಪುರದಿಂದ ಅಕ್ಕನ ಊರು ಜಡೆಗೆ ಓಡಾಡಿದ ಪೆಟ್ರೋಲು — ಎಲ್ಲ ಸೇರಿ ಆರು ಸಾವಿರದ ಮೇಲೆ. ಎಷ್ಟು ಹಿಂಡಿ, ಬೂಸಾ ಮಾರಿದರೆ ಅಷ್ಟು ಉಳಿದೀತು! ಆದರೂ ಗುಳಿಗೆ ಡಬ್ಬಿಯಲ್ಲೇ ಇದೆ.

ಅಕ್ಕ ವನಜಮ್ಮ ಬಚ್ಚಲಲ್ಲಿ ಜಾರಿ ಎಡಗೈ ಮಣಿಕಟ್ಟು ಮುರಿದುಕೊಂಡಳು. ಪೂಜೆಗೆ ಲಿಂಗ ಹಿಡಿಯುವ ಕೈ. ಕ್ಯಾಲ್ಸಿಯಂ ಕಮ್ಮಿಯಂತೆ, ಹೀಗೇ ಬಿಟ್ಟರೆ ಮುಂದಿನ ಸಲ ಸೊಂಟ ಎಂದಿದ್ದಾರೆ ಡಾಕ್ಟರು. ಡಬ್ಬಿಯ ಮೇಲಿದ್ದದ್ದನ್ನು ಅವಳ ಸೊಸೆ ಓದಿ ಹೇಳಿಬಿಟ್ಟಳು — ಸಮುದ್ರದ ಚಿಪ್ಪಿನಿಂದ ಮಾಡಿದ್ದು. ಮುಗಿಯಿತು.

"ಲಿಂಗ ಕಟ್ಟಿದ ಮೈಗೆ ಹುಳದ ಮನೆ ತಿನ್ನಿಸ್ತೀಯೇನೋ?"

ಮಾರ್ಚ್ 5

ಮತ್ತೆ ಜಡೆ. ನನ್ನ ಬಾಯಿಗೆ ಸೋಲದ ಗಿರಾಕಿ ಇನ್ನೂ ಸಿಕ್ಕಿಲ್ಲ. ಅಕ್ಕ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಹಿಡಿದೆ.

"ಆ ಸುಣ್ಣ ಯಾತರದ್ದು ಗೊತ್ತೇನಕ್ಕಾ? ಕಪ್ಪೆಚಿಪ್ಪು ಸುಟ್ಟಿದ್ದು. ಮದುವೆ ಆದಾಗಿಂದ ತಿಂತಾನೇ ಇದೀಯ."

ಬೆರಳು ಎಲೆಯ ಮೇಲೇ ನಿಂತಿತು. ಆಮೇಲೆ — "ಹಂಗಾರೆ ಕೆಟ್ಟಿದ್ದು ಆಗಿಹೋಗಿದೆ. ಕೊಡು ಆ ಡಬ್ಬಿ."

ಗೆದ್ದೆ.

ಏಪ್ರಿಲ್ 19

ಕಟ್ಟು ಬಿಚ್ಚಿದರು. ಮೂಳೆ ಕೂಡಿದೆ. ಒಂದು ದಿನವೂ ಗುಳಿಗೆ ತಪ್ಪಿಸಿಲ್ಲ. ಹೊರಡುವಾಗ ಸೊಸೆ ಪಿಸುಗುಟ್ಟಿದಳು: "ಮಾವಾರೇ, ಅತ್ತೆ ಪೂಜೆಗೇನೋ ಕೂತ್ಕೊಳ್ತಾರೆ. ಕೊರಳಿನ ಲಿಂಗದ ಕರಡಿಗೆ ಬಿಚ್ಚೋದೇ ಇಲ್ಲ. ಲಿಂಗ ಕೈಗೆ ತಗೊಳ್ಳೋದೇ ಇಲ್ಲ."

ಅಕ್ಕನನ್ನೇ ಕೇಳಿದೆ. "ಕೈ ನೋವು ಕಣೋ" ಅಂದಳು. ಅದೇ ಕೈಯಲ್ಲಿ ಮಜ್ಜಿಗೆಯ ತಂಬಿಗೆ ಎತ್ತಿ ಕೊಟ್ಟಳು...

ಏಪ್ರಿಲ್ 20, ಸಂಜೆ

ಅಕ್ಕನಿಗೆ ನಾನು ಸುಣ್ಣ ಒಯ್ಯುವುದು ಬಡೇಸಾಬರ ಎಲೆ-ಅಡಿಕೆ ಅಂಗಡಿಯಿಂದ. ಸುಮ್ಮನೆ ಕೇಳಿದೆ — ಚಿಪ್ಪಿನದ್ದೇ ತಾನೆ?

"ಎಲ್ಲಿ ಚಿಪ್ಪು ಸೌಕಾರ್ರೇ! ನಮ್ಮಪ್ಪನ ಕಾಲದಿಂದ್ಲೂ ಇಲ್ಲಿ ಕಲ್ಸುಣ್ಣನೇ. ಯಾರ್ ಹೇಳಿದ್ರು ನಿಮಗೆ?"

ಯಾರೂ ಇಲ್ಲ. ನಾನೇ.

ಮೆಡಿಕಲ್ ಸ್ಟೋರಿನ ಚನ್ನೇಶನದು ಇನ್ನೊಂದು. "ಕಲ್ಲಿಂದ ಮಾಡಿದ ಗುಳಿಗೆನೂ ಬರ್ತಾವಲ್ರೀ. ಕೇಳಿದ್ರೆ ಕೊಡ್ತಿದ್ದೆ."

ಏಪ್ರಿಲ್ 22

ಕಲ್ಲಿನ ಗುಳಿಗೆಯ ಹೊಸ ಡಬ್ಬಿ ಮುಂದಿದೆ. ಕೊಟ್ಟರೆ ಯಾಕೆ ಅಂತ ಕೇಳುತ್ತಾಳೆ. ಹೇಳಿದರೆ — ಇಷ್ಟು ವರ್ಷ ಅವಳು ಕೆಟ್ಟೇ ಇರಲಿಲ್ಲ, ಈ ಒಂದೂವರೆ ತಿಂಗಳಲ್ಲಿ ಕೆಡಿಸಿದವನು ನಾನು. ಹೇಳದಿದ್ದರೆ ಕರಡಿಗೆ ಮುಚ್ಚಿಯೇ ಇರುತ್ತದೆ. ಸುಳ್ಳು ಹೇಳಿದ್ದಕ್ಕೆ ಮೂಳೆ ಕೂಡಿತು. ನಿಜ ಹೇಳಿದರೆ ಏನು ಮುರಿಯುತ್ತದೋ... ಯಾವ ಕಡೆಯಿಂದ ಕೂಡಿದರೂ ತಾಳೆಯಾಗುತ್ತಿಲ್ಲ.

ಬಂದದ್ದು ಯಾರಿಗೆ ಏನು? ಡಾಕ್ಟರಿಗೆ ಫೀಸು. ಚನ್ನೇಶನಿಗೆ ವ್ಯಾಪಾರ. ಅಕ್ಕನಿಗೆ ಕೈ. ನನಗೆ ವಾದ ಗೆದ್ದ ಹೆಸರು. ಲಿಂಗಕ್ಕೆ —