‘ಪಾತಕಿ’ ಪದದ ಚೀಟಿ

ಹದಿನಾಲ್ಕನೇ ತಾರೀಖು, ಮಂಗಳವಾರ
ನಿಘಂಟು ಕಚೇರಿ, ಊಟದ ಬಿಡುವು

ಅಪ್ಪನಿಗೆ ಮಗಳ ನಮಸ್ಕಾರ.

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಜೈಲಿನ ಸೀಲು ಬಿದ್ದ ಲಕೋಟೆಯನ್ನು ಅಮ್ಮ ಕೈಯಿಂದ ಮುಟ್ಟುವುದಿಲ್ಲ. ಇಕ್ಕಳದಲ್ಲಿ ಹಿಡಿದು ತಂದು ನನ್ನ ಮೇಜಿನ ಮೇಲೆ ಇಡುತ್ತಾಳೆ. ನಗಬೇಡ, ನಿಜವಾಗಿಯೂ ಇಕ್ಕಳ.

ನೀನು ಕೇಳಿದ್ದು ಒಂದೇ. ಔಷಧದಲ್ಲಿ ವಿಷವಿದ್ದದ್ದು ಅಪ್ಪನಿಗೆ ಗೊತ್ತಿರಲಿಲ್ಲ ಎಂದು ಬಿಡುಗಡೆ ಸಮಿತಿಗೆ ನಾನು ಬರೆದುಕೊಡಬೇಕು. ‘ನೀನು ಓದಿದವಳು, ನಿನ್ನ ಮಾತಿಗೆ ತೂಕ ಇರುತ್ತೆ’ ಅಂದಿದ್ದೀ. ಇಪ್ಪತ್ತರೊಳಗೆ ತಲುಪದಿದ್ದರೆ ಇನ್ನು ಮೂರು ವರ್ಷ ಅರ್ಜಿ ಹಾಕುವಂತಿಲ್ಲ ಎಂದೂ ಬರೆದಿದ್ದೀ.

ನನ್ನ ಕೆಲಸ ಏನೆಂದು ನೀನು ಪ್ರತಿ ಸಲ ಕೇಳುತ್ತೀ, ನಾನು ಹಾರಿಸಿಬಿಡುತ್ತೇನೆ. ಇವತ್ತು ಹೇಳುತ್ತೇನೆ. ಸಾಹಿತ್ಯ ಓದಿದವರಿಗೆ ಸಿಗುವ ಕೆಲಸಗಳಲ್ಲಿ ಮಾತನಾಡುವ ಅಗತ್ಯ ತೀರಾ ಕಡಿಮೆ ಇರುವುದು ಇದರಲ್ಲೇ. ಅದಕ್ಕೇ ನನಗೆ ಒಗ್ಗಿದೆ. ಗೋಡೆಯುದ್ದಕ್ಕೂ ಮರದ ಖಾನೆಗಳು, ಖಾನೆಗಳ ತುಂಬ ಅಂಗೈಯಗಲದ ಚೀಟಿಗಳು. ಒಂದೊಂದು ಚೀಟಿಯಲ್ಲಿ ಒಂದು ಪದ, ಆ ಪದವಿರುವ ಒಂದು ವಾಕ್ಯ, ಅದು ಅಚ್ಚಾದ ಜಾಗ. ಚೀಟಿಗಳನ್ನು ಜೋಡಿಸಿ ನಾನು ಪದದ ಅರ್ಥ ಬರೆಯಬೇಕು. ಅರ್ಥದೊಳಗೆ ಏನೇ ಸೇರಿಸಿದರೂ ಮೂರು ಚೀಟಿಗಳ ಆಧಾರ ತೋರಿಸಬೇಕು, ಇದು ಇಲ್ಲಿನ ಕಟ್ಟುನಿಟ್ಟು. ನಮ್ಮ ಔಷಧದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದೆನಲ್ಲ, ಆಗ ನೀನು ‘ಬಂದ್ರಪ್ಪಾ ಚೀಟಿ ಮೇಡಂ, ದಾರಿ ಬಿಡಿ!’ ಎಂದು ರೇಗಿಸುತ್ತಿದ್ದೆ. ನೋಡು, ಕೊನೆಗೂ ಚೀಟಿ ಮೇಡಂ ಆಗಿಬಿಟ್ಟೆ.

ಹೋದ ವಾರ ನನ್ನ ಪಾಲಿಗೆ ಬಂದ ಪದ ‘ಪಾತಕಿ’.

ಬೀಳು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಹುಟ್ಟಿದ್ದು. ಮನುಷ್ಯನನ್ನು ಕೆಳಕ್ಕೆ ಬೀಳಿಸುವ ಕೃತ್ಯ ಪಾತಕ, ಅದನ್ನು ಮಾಡಿದವನು ಪಾತಕಿ. ಹಳೆಯ ಗ್ರಂಥಗಳ ಚೀಟಿಗಳಲ್ಲಿ ಮಹಾಪಾತಕಗಳು ಐದು. ಕೊಲೆ, ಕಳವು ಸೇರಿ ನಾಲ್ಕು ಮೊದಲು ಬರುತ್ತವೆ. ಐದನೆಯದು, ಆ ನಾಲ್ಕನ್ನು ಮಾಡಿದವರ ಜೊತೆ ಕೂಡಿ ಬಾಳುವುದು. ಆ ಚೀಟಿಯನ್ನು ಎರಡು ಸಲ ಓದಿದೆ. ಬರಬರುತ್ತಾ ಪದಕ್ಕೆ ಪರಲೋಕದ ಭಯ ಬಿಟ್ಟು ಪೊಲೀಸರ ಭಯ ಹತ್ತಿಕೊಂಡಿದೆ. ಪತ್ರಿಕೆಗಳಲ್ಲಿ ಬರುವವನು ಭೂಗತ ಪಾತಕಿ, ಕುಖ್ಯಾತ ಪಾತಕಿ. ಅಜ್ಜಿಯರ ಬಾಯಲ್ಲಿ ಮಾತ್ರ ಪದ ಇನ್ನೂ ಮೆತ್ತಗಿದೆ, ಹಾಲು ಚೆಲ್ಲಿದ ಬೆಕ್ಕಿಗೂ ಪಾತಕಿ ಅನ್ನುತ್ತಾರೆ.

ಹತ್ತೊಂಬತ್ತನೆಯ ಚೀಟಿ ನಿನ್ನದಾಗಿತ್ತು. ಹಳೆಯ ಪತ್ರಿಕೆಯೊಂದರ ತಲೆಬರಹ, ಯಾರೋ ಗುಮಾಸ್ತರ ದುಂಡನೆಯ ಅಕ್ಷರ: ‘ಕೆಮ್ಮಿನ ಔಷಧದಲ್ಲಿ ವಿಷ: ಆರು ಮಕ್ಕಳನ್ನು ಕೊಂದ ಪಾತಕಿಗೆ ಜೀವಾವಧಿ’. ನಾನು ಯಾರ ಮಗಳೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಚೀಟಿಯನ್ನು ಮತ್ತೆ ಅದರ ಜಾಗದಲ್ಲೇ ಇಟ್ಟೆ.

ನಾನು ಬರೆದ ಅರ್ಥ ಹೀಗಿತ್ತು: ‘ಪರರಿಗೆ ಕೇಡಾಗುವುದೆಂದು ತಿಳಿದೂ ಘೋರ ಅಪರಾಧ ಎಸಗಿದವನು.’ ಸಂಪಾದಕರು ‘ತಿಳಿದೂ’ ಎಂಬುದರ ಮೇಲೆ ಬೆರಳಿಟ್ಟರು. ‘ಇದನ್ನ ಎಲ್ಲಿಂದ ತಂದ್ರಿ ತಾಯಿ? ಆಧಾರ?’ ನಾನು ನಿನ್ನ ಚೀಟಿಯನ್ನೇ ಮುಂದೆ ಹಿಡಿದೆ. ಅವರು ಕನ್ನಡಕವನ್ನು ಹಣೆಗೇರಿಸಿ ಓದಿದರು. ‘ಅವನಿಗೆ ತಿಳಿದಿತ್ತು ಅಂತ ಇದರಲ್ಲಿ ಎಲ್ಲಿದೆ? ನಿಮ್ಮ ಹತ್ರ ಬಂದು ಹೇಳಿದ್ನಾ?’ ಟೈಪಿಸ್ಟ್ ಅಕ್ಕ ಕಿಸಕ್ಕನೆ ನಕ್ಕಳು. ‘ತಿಳೀದೆ ಮಾಡಿದವನೂ ಪಾತಕಿನೇ ಕಣಮ್ಮಾ. ಪ್ರಾಯಶ್ಚಿತ್ತದಲ್ಲಿ ಒಂಚೂರು ರಿಯಾಯಿತಿ, ಅಷ್ಟೇ’ ಎನ್ನುತ್ತಾ ಅವರು ಆ ಪದವನ್ನು ಹೊಡೆದುಹಾಕಿದರು. ಪುಟ ಅಚ್ಚಿಗೆ ಹೋಯಿತು.

ಅವರಿಗೆ ಕೊಡಲಾಗದ ಆಧಾರವನ್ನು ನಿನಗೆ ಕೊಡುತ್ತೇನೆ.

ಅಂಚೆಯವನ ಮಗ ತೀರಿಕೊಂಡ ಮರುದಿನ ಬೆಳಿಗ್ಗೆ. ಅದು ಮೊದಲನೆಯ ಸಾವು. ನನಗೂ ಕೆಮ್ಮಿತ್ತು. ಅಮ್ಮ ಚಮಚಕ್ಕೆ ಔಷಧ ಬಗ್ಗಿಸಿ ನನ್ನ ತುಟಿಯ ಹತ್ತಿರ ತಂದಿದ್ದಳು. ಗಡ್ಡ ಹೆರೆದುಕೊಳ್ಳುತ್ತಿದ್ದ ನೀನು ಅರ್ಧ ಮುಖದ ಸೋಪಿನಲ್ಲೇ ಓಡಿಬಂದು ಅವಳ ಕೈಗೆ ಹೊಡೆದೆ. ಚಮಚ ಒಲೆಯ ಅಡಿಗೆ ಹೋಗಿ ಬಿತ್ತು. ‘ಬೇಡ ಬೇಡ, ಅದು ಹಳೇದು, ಕೆಟ್ಟಿದೆ’ ಅಂದೆ. ಸೀಸೆಯನ್ನು ಪೇಪರಿನಲ್ಲಿ ಸುತ್ತಿ ಮೆಟ್ಟಿಲ ಕೆಳಗಿನ ಕಸದ ಡಬ್ಬಿಗೆ ಹಾಕಿದೆ. ಅದು ಹಳೆಯದಾಗಿರಲಿಲ್ಲ ಅಪ್ಪಾ. ನಾಲ್ಕು ದಿನದ ಹಿಂದೆ ನಾನೇ ಅದಕ್ಕೆ ಚೀಟಿ ಅಂಟಿಸಿದ್ದೆ.

ಆಮೇಲೆ ನೀನು ಮುಖ ತೊಳೆದು, ತಲೆ ಬಾಚಿಕೊಂಡು, ಎಂದಿನ ಹೊತ್ತಿಗೇ ಅಂಗಡಿ ತೆರೆದೆ. ಅದೇ ಔಷಧವನ್ನು ಇನ್ನೂ ನಾಲ್ಕು ದಿನ ಮಾರಿದೆ. ಸಂಜೆ ನನ್ನನ್ನು ಕೂರಿಸಿಕೊಂಡು ಉಳಿದ ಸೀಸೆಗಳಿಗೆಲ್ಲ ಚೀಟಿ ಹಾಕಿಸಿದೆ. ‘ನೆಟ್ಟಗೆ ಅಂಟಿಸಮ್ಮಾ, ಸೊಟ್ಟ ಇದ್ರೆ ಜನ ನಂಬಲ್ಲ’ ಅಂದೆ.

ಕೋರ್ಟಿನಲ್ಲಿ ಹತ್ತು ವರ್ಷದವಳನ್ನು ಯಾರೂ ಏನೂ ಕೇಳಲಿಲ್ಲ. ಸುಮ್ಮನಿರುವುದು ನನಗೆ ಆಗಲೂ ಕಷ್ಟವಾಗಿರಲಿಲ್ಲ. ಹನ್ನೆರಡು ವರ್ಷದಿಂದ ನೀನು ಪ್ರತಿ ಕಾಗದದಲ್ಲೂ ಎರಡು ಮಾತು ಬರೆಯುತ್ತೀ. ವಿಷವೆಂದು ಗೊತ್ತಿರಲಿಲ್ಲ ಎಂಬುದು ಒಂದು. ಆರನೆಯ ಮಗುವಿಗೆ, ನಮ್ಮ ಕೆಳಗಿನ ಮನೆಯ ದರ್ಜಿಯ ಮೊಮ್ಮಗಳಿಗೆ, ಔಷಧ ಕೊಟ್ಟದ್ದು ನೀನಲ್ಲ ಎಂಬುದು ಇನ್ನೊಂದು. ದರ್ಜಿಯ ಸೊಸೆ ಕಟಕಟೆಯಲ್ಲಿ ನಿಂತು ‘ಅಂಗಡಿಯವರೇ ಕಳಿಸಿಕೊಟ್ರು’ ಅಂದಾಗ, ‘ಇಲ್ಲಮ್ಮಾ, ನಾನು ಕಳಿಸಿಲ್ಲ’ ಎಂದು ನೀನು ಕೂಗಿಕೊಂಡೆಯಂತೆ. ಐದು ಮಕ್ಕಳನ್ನು ಕೊಂದವನ ಮಾತು, ಯಾರು ನಂಬುತ್ತಾರೆ?

ನಿನ್ನ ಮೊದಲನೆಯ ಮಾತನ್ನು ನಾನು ಬರೆದುಕೊಡಲಾರೆ. ಸಮಿತಿಗೆ ಬೇರೆಯೇ ಪತ್ರ ಬರೆದು ಇವತ್ತು ಅಂಚೆಗೆ ಹಾಕುತ್ತಿದ್ದೇನೆ. ಅದರಲ್ಲಿ ಚಮಚದ ವಿಷಯ ಇದೆ. ಓದಿದ ಮೇಲೆ ಅವರು ನಿನ್ನನ್ನು ಬಿಡಲಿಕ್ಕಿಲ್ಲ. ಅಧಿಕಾರಿಗಳ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ತಿಳಿಯಲಿ ಎಂದು ಇಷ್ಟು ಬರೆದೆ.

ಅವತ್ತು ಅಮ್ಮನ ಕೈಗೆ ಹೊಡೆದು ನನ್ನನ್ನು ಉಳಿಸಿಕೊಂಡವನೂ ನೀನೇ. ಅದನ್ನು ಒಂದು ದಿನವೂ ಮರೆತಿಲ್ಲ. ಮರೆತಿದ್ದರೆ ಈ ಕಾಗದ ಎಂದೋ ಬರೆದಿರುತ್ತಿದ್ದೆ. ಶಾಲು ಬೇರೆ ಪಾರ್ಸೆಲ್ಲಿನಲ್ಲಿ ಬರುತ್ತದೆ. ಮೊಣಕಾಲಿಗೆ ಸುತ್ತಿಕೊಂಡು ಮಲಗು.

ನಿನ್ನ
ಚೀಟಿ ಮೇಡಂ

ಮರೆಯದೆ ಹೇಳಬೇಕಾದದ್ದು: ನಿನ್ನ ಎರಡನೆಯ ಮಾತು ನಿಜ ಎಂದೂ ಸಮಿತಿಗೆ ಬರೆದಿದ್ದೇನೆ. ಅವತ್ತು ನೀನು ಅಂಗಡಿಗೆ ಹೋದ ಮೇಲೆ ಆ ಸೀಸೆಯನ್ನು ಕಸದ ಡಬ್ಬಿಯಿಂದ ನಾನು ಎತ್ತಿಕೊಂಡೆ. ನಾನು ಅಂಟಿಸಿದ್ದವುಗಳಲ್ಲೆಲ್ಲ ನೆಟ್ಟಗೆ ಕೂತಿದ್ದ ಚೀಟಿ ಅದರದೇ, ಬಿಟ್ಟುಹೋಗಲು ಮನಸ್ಸಾಗಲಿಲ್ಲ. ಕೆಳಗಿನ ಮನೆಯ ಮಗು ಕೆಮ್ಮುತ್ತಿತ್ತು. ಶಾಲೆಗೆ ಹೋಗುತ್ತಾ ದರ್ಜಿಯ ಸೊಸೆಯ ಕೈಗೆ ಕೊಟ್ಟು, ‘ಅಪ್ಪ ಕೊಟ್ಟಿದ್ದಾರೆ’ ಅಂದೆ. ‘ಬಂಗಾರದಂಥ ಹುಡುಗಿ’ ಎಂದು ಅವರು ನನ್ನ ಕೆನ್ನೆ ಹಿಂಡಿದರು. ಅವರು ಈಗಲೂ ಅದೇ ಮನೆಯಲ್ಲಿದ್ದಾರೆ. ಭಾನುವಾರ ಹೋಗಿ ಹೇಳುತ್ತೇನೆ. ಅದರಲ್ಲಿ ವಿಷವಿದೆ ಎಂದು ನನಗೆ ಗೊತ್ತಿರಲಿಲ್ಲ. ಕೆಟ್ಟಿದೆ ಎಂದು ನೀನು ಹೇಳಿದ್ದು ಮಾತ್ರ ಕೇಳಿಸಿತ್ತು.