ಗೇಟಿನಲ್ಲಿ ತೆರೆಯದ ಚೀಲ

ಬೋಳಾರ
14 ಜೂನ್ 2025

ಪ್ರೀತಿಯ ಮಗಳು ಮನ್ವಿತಾಳಿಗೆ ನಿನ್ನ ದೇಯಿ ಚಿಕ್ಕಮ್ಮ ಬರೆಯುವುದು.

ಇವತ್ತೂ ಅದೇ ಕನಸು ಬಿತ್ತು. ಗೇರುಬೀಜದ ಫ್ಯಾಕ್ಟರಿಯ ಗೇಟಿನಲ್ಲಿ ನಿನ್ನ ಅಮ್ಮ ಚೀಲ ಹಿಡಿದು ನಿಂತಿದ್ದಾಳೆ, ಗುಲಾಬೀ ಎಂದು ಎಷ್ಟು ಕರೆದರೂ ತಿರುಗುವುದಿಲ್ಲ. ಫೋನಿನಲ್ಲಾದರೆ ನನಗೆ ಸ್ವರವೇ ಬರಲಿಕ್ಕಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ತಪ್ಪಿದ್ದರೆ ಸರಿ ಮಾಡಿ ಓದು.

ಫ್ಯಾಕ್ಟರಿ ಮುಚ್ಚುವಾಗ ಮ್ಯಾನೇಜರ್ ಕೊಟ್ಟ ಸರ್ಟಿಫಿಕೇಟಿನ ಫೋಟೊ ನಿನಗೆ ಕಳಿಸಿದ್ದೆನಲ್ಲ. ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಕೇಳಲಿಕ್ಕೆ ಅದು ಬೇಕು. ನನ್ನ ಹೆಸರಿನ ಜೊತೆ ‘ಅಪ್‌ರೈಟ್’ ಎಂದು ಬರೆದಿದ್ದರು, ಕೆಟ್ಟ ಶಬ್ದವೋ ಏನೋ ಎಂದು ಹೆದರಿ ನಿನ್ನನ್ನು ಕೇಳಿದೆ. ನೀನು ಇಂಗ್ಲಿಷ್ ಟೀಚರ್ ಅಲ್ಲವಾ, ಬಿಡಿಸಿ ಹೇಳಿದೆ. ಬರೀ ಕದಿಯದವರಿಗೆ ಹೇಳುವುದಲ್ಲ ಚಿಕ್ಕಮ್ಮ, ಯಾರೂ ನೋಡದಿದ್ದರೂ ಸರಿಯಾದದ್ದನ್ನೇ ಮಾಡುವವರಿಗೆ ಹೇಳುವುದು, ಸುಮ್ಮನೆ ಎಲ್ಲರಿಗೂ ಹಾಕುವುದಿಲ್ಲ ಅಂದೆ. ಆಮೇಲೆ ಮೆಲ್ಲಗೆ, “ನನ್ನ ಅಮ್ಮನಿಗೆ ಯಾರೂ ಹೀಗೆ ಬರೆದು ಕೊಡ್ಲಿಲ್ಲ” ಅಂದೆ. ಅಂದಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಕಳ್ಳಿ ಎಂದು ಅವಳನ್ನು ಕೆಲಸದಿಂದ ತೆಗೆದದ್ದು ನಿನಗೆ ಗೊತ್ತುಂಟು. ಮಗಾ, ಅವಳು ಕದ್ದಿರಲಿಲ್ಲ.

ದಿನಾ ಸಂಜೆ ಗೇಟಿನಲ್ಲಿ ನಮ್ಮೆಲ್ಲರ ಸೆರಗು, ಚೀಲ ತಡಕಿಯೇ ಹೊರಗೆ ಬಿಡುತ್ತಿದ್ದರು. ಗುಲಾಬಿಯ ಚೀಲ ಮಾತ್ರ ತೆರೆಯುತ್ತಿರಲಿಲ್ಲ. “ನಿನ್ನದರಲ್ಲಿ ಒಣಮೀನಿನ ವಾಸನೆ ಬಿಟ್ಟರೆ ಎಂತ ಉಂಟು, ಹೋಗು ಮಾರಾಯ್ತಿ” ಎಂದು ತಡಕಿ ನೋಡುವ ಹೆಂಗಸು ನಗಾಡುತ್ತಿದ್ದಳು. ಅವತ್ತು ಅಲ್ಲಿ ಹೊಸಬಳು ಇದ್ದಳು, ಗುಲಾಬಿಯ ಚೀಲವನ್ನೂ ತೆರೆದಳು. ಬುತ್ತಿಯ ಕೆಳಗೆ ನೀಲಿ ಕರ್ಚೀಫಿನಲ್ಲಿ ಕಟ್ಟಿದ ಒಂದು ಮುಷ್ಟಿ ಗೇರುಬೀಜ ಸಿಕ್ಕಿತು. ಗುಲಾಬಿ ಆ ಕರ್ಚೀಫು ನೋಡಿದಳು, ಏನೂ ಹೇಳಲಿಲ್ಲ. ಕದ್ದವರು ಯಾರೆಂದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ.

ಆಮೇಲೆ ಅವಳು ಸುರತ್ಕಲ್‌ನಲ್ಲಿ ಮನೆಮನೆಯ ಪಾತ್ರೆ ತಿಕ್ಕಿ ನಿನ್ನನ್ನು ಓದಿಸಿದಳು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರೆ, ನಿನ್ನ ಭವ್ಯಶ್ರೀ ಹೇಗಿದ್ದಾಳೆ ಎಂದು ನನ್ನ ಮಗಳ ಬಗ್ಗೆಯೇ ಮೊದಲು ವಿಚಾರಿಸುತ್ತಿದ್ದಳು. ಸಾಯುವವರೆಗೂ ಹಾಗೆಯೇ.

ಇದನ್ನು ಓದಿ ನೀನು ಇನ್ನು ನನ್ನ ಫೋನ್ ಎತ್ತದಿದ್ದರೂ ನಾನು ಎಂತ ಹೇಳಲಿ.

ನಿನ್ನ,
ದೇಯಿ ಚಿಕ್ಕಮ್ಮ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಆ ಕರ್ಚೀಫು ನನ್ನದು. ಅದರ ಅಂಚು ಹೊಲಿದು ಕೊಟ್ಟವಳೇ ಗುಲಾಬಿ. ಭವ್ಯಶ್ರೀಯ ಹುಟ್ಟುಹಬ್ಬದ ಪಾಯಸಕ್ಕೆಂದು ತೆಗೆದಿದ್ದೆ. ಗುಲಾಬಿಯ ಚೀಲ ಯಾರೂ ತೆರೆಯುವುದಿಲ್ಲವೆಂದೇ ಅದರಲ್ಲಿಟ್ಟೆ, ಗೇಟು ದಾಟಿದ ಮೇಲೆ ತೆಗೆದುಕೊಳ್ಳುವ ಎಂದು. ಸರ್ಟಿಫಿಕೇಟ್ ಈ ಕವರಿನಲ್ಲೇ ಉಂಟು, ಹಾಸ್ಟೆಲಿಗೆ ಕೊಡುವುದಿಲ್ಲ. ಆ ಶಬ್ದವನ್ನು ತೀರಿಕೊಂಡವರ ಹೆಸರಿನ ಜೊತೆಗೂ ಬರೆಯಬಹುದಾ, ಡಿಕ್ಷನರಿಯಲ್ಲಿ ಇನ್ನೊಮ್ಮೆ ನೋಡು ಮಗಾ.